ಅಮೆರಿಕದ ಡಾರ್ಮ್ ರೂಮು: ಮಂಚ ಎಷ್ಟು ಎತ್ತರ ಇರಬೇಕು, ಎಲ್ಲಿ ಹಾಕಬೇಕು?

ಅಮೆರಿಕದಲ್ಲಿ ಬಿಎಸ್ ಓದಲು ಸೀಟು ಸಿಕ್ಕ ಮಕ್ಕಳ ಮನೆಯಲ್ಲಿ ಜೂನ್, ಜುಲೈ ಹೊತ್ತಿಗೆ ವೀಸಾ, ಟಿಕೆಟ್, ಫೀಸಿನ ಗಲಾಟೆ ಒಂದು ಹಂತಕ್ಕೆ ಬಂದಿರುತ್ತದೆ. ಆಗ ಯೂನಿವರ್ಸಿಟಿಯ ಡಾರ್ಮ್, ಅಂದರೆ ಹಾಸ್ಟೆಲ್, ನೋಡಿಕೊಳ್ಳುವ ಹೌಸಿಂಗ್ ಆಫೀಸಿನಿಂದ ಒಂದು ಇಮೇಲ್ ಬರುತ್ತದೆ. ಮಂಚ ಯಾವ ಎತ್ತರಕ್ಕೆ ಬೇಕು? ಲಾಫ್ಟ್, ಅಂದರೆ ಅಟ್ಟದಷ್ಟು ಎತ್ತರಕ್ಕೆ ಏರಿಸಿದ ಮಂಚ, ಮಾಡಿಸಬೇಕಾ? ಇಂಥ ತಾರೀಕಿನೊಳಗೆ ತಿಳಿಸಿ. ನಮ್ಮ ಕಡೆಯ ಹಾಸ್ಟೆಲ್‌ಗಳಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ಕಬ್ಬಿಣದ ಮಂಚ ಇರುತ್ತದೆ, ಅದರ ಕಾಲು ಎಷ್ಟಿದೆಯೋ ಅಷ್ಟೇ ಎತ್ತರ. ಹಾಗಾಗಿ ಮಕ್ಕಳು ಇನ್‌ಸ್ಟಾಗ್ರಾಮಿನಲ್ಲಿ ನಾಲ್ಕು ಫೋಟೋ ನೋಡುತ್ತಾರೆ. ಮೇಲೆ ಮಂಚ, ಕೆಳಗೆ ಮೇಜು, ಸುತ್ತ ಬಣ್ಣದ ಲೈಟು. ನನಗೂ ಇದೇ ಬೇಕು ಅಂತ ಟಿಕ್ ಮಾಡಿಬಿಡುತ್ತಾರೆ.

ನಾನಿರುವುದು ಅಮೆರಿಕದಲ್ಲೇ. ಆಗಸ್ಟ್ ಬಂತೆಂದರೆ ನೆಂಟರ, ಪರಿಚಯದವರ ಮಕ್ಕಳನ್ನು ಡಾರ್ಮಿಗೆ ಬಿಟ್ಟು ಬರುವ ಕೆಲಸ ನನ್ನ ತಲೆಗೇ ಬರುತ್ತದೆ. ಅವರ ಸಾಮಾನು ಹೊತ್ತು, ಮಂಚ ಎತ್ತಿ ಇಳಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಂಎಸ್‌ಗೆ ಬರುವವರು ಹೆಚ್ಚಾಗಿ ಹೊರಗೆ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ, ಅವರಿಗೆ ಇದು ಅಷ್ಟು ಬೇಕಾಗಲ್ಲ. ಇದು ಮೊದಲ ವರ್ಷ ಕ್ಯಾಂಪಸ್ಸಿನಲ್ಲೇ, ಗುರುತಿಲ್ಲದ ಒಬ್ಬರ ಜೊತೆ ರೂಮು ಹಂಚಿಕೊಳ್ಳುವ ಹದಿನೆಂಟರ ಮಕ್ಕಳಿಗೆ, ಅವರಿಗಿಂತ ಜಾಸ್ತಿ ಯೋಚನೆ ಮಾಡುವ ಅಪ್ಪ ಅಮ್ಮಂದಿರಿಗೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಿಂದ ಬರುವ ಹೆಚ್ಚಿನ ಮಕ್ಕಳಿಗೆ ನಡು ಎತ್ತರದ ಮಂಚವೇ ಸರಿ. ಅದಕ್ಕೆ ಮುಖ್ಯ ಕಾರಣ ಸೂಟ್‌ಕೇಸು.

ಮೊದಲು ಮಂಚ ಹೇಗಿರುತ್ತದೆ ಅಂತ ನೋಡೋಣ

ಡಾರ್ಮಿನ ಮಂಚದಲ್ಲಿ ತಲೆಯ ಕಡೆಗೊಂದು, ಕಾಲ ಕಡೆಗೊಂದು ಚೌಕಟ್ಟು ಇರುತ್ತದೆ. ಹೆಚ್ಚಾಗಿ ಮರದ್ದು, ಸುಮಾರು ಮೂರಡಿ ಎತ್ತರ. ಅದರ ಕಾಲುಗಳಲ್ಲಿ ಎರಡು ಮೂರು ಇಂಚಿಗೊಂದರಂತೆ ಕಚ್ಚು ಅಥವಾ ತೂತು. ಇವೆರಡರ ನಡುವೆ ಕಬ್ಬಿಣದ ಸ್ಪ್ರಿಂಗ್ ಚೌಕಟ್ಟು ಕೂರುತ್ತದೆ. ಅದರ ನಾಲ್ಕು ಮೂಲೆಯ ಕೊಕ್ಕೆಗಳು ಕಚ್ಚಿಗೆ ಸಿಕ್ಕಿಕೊಳ್ಳುತ್ತವೆ. ಎತ್ತರ ಬದಲಿಸಬೇಕು ಅಂದರೆ ಹಾಸಿಗೆ ತೆಗೆದಿಟ್ಟು, ಒಬ್ಬರು ಒಂದು ತುದಿ ಹಿಡಿದು, ಇನ್ನೊಬ್ಬರು ಅಡಿಯಿಂದ ರಬ್ಬರ್ ಸುತ್ತಿಗೆಯಲ್ಲಿ ನಾಲ್ಕು ಬಿಡಬೇಕು. ಕೊಕ್ಕೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಬೇಕಾದ ಕಚ್ಚಿಗೆ ಕೂರಿಸಿ ಮೇಲಿನಿಂದ ಮತ್ತೆ ಬಡಿಯಬೇಕು. ನಾಲ್ಕೂ ಮೂಲೆ ಒಂದೇ ಕಚ್ಚಿನಲ್ಲಿ ಕೂತಿದೆಯಾ ಅಂತ ಎಣಿಸಿ ನೋಡಿ. ಒಂದು ಮೂಲೆ ಹೆಚ್ಚು ಕಡಿಮೆ ಆದರೆ ರಾತ್ರಿಯೆಲ್ಲ ಕಿರ್ ಕಿರ್ ಸದ್ದು.

ಸುತ್ತಿಗೆಯನ್ನು ಕೆಲವು ಡಾರ್ಮುಗಳಲ್ಲಿ ಫ್ರಂಟ್ ಡೆಸ್ಕಿನವರೇ ಕೊಡುತ್ತಾರೆ. ಕೆಲವು ಕಡೆ ವಿದ್ಯಾರ್ಥಿಗಳು ಮಂಚ ಮುಟ್ಟುವ ಹಾಗೇ ಇಲ್ಲ, ವರ್ಕ್ ಆರ್ಡರ್, ಅಂದರೆ ಕೆಲಸ ಮಾಡಿಕೊಡಿ ಅನ್ನುವ ಅರ್ಜಿ, ಹಾಕಿ ಅವರ ಜನ ಬರುವ ತನಕ ಕಾಯಬೇಕು. ಸೆಮಿಸ್ಟರ್ ಶುರುವಿನಲ್ಲಿ ಎಲ್ಲರದ್ದೂ ಇದೇ ಕೋರಿಕೆ. ಆದ್ದರಿಂದ ಆ ಇಮೇಲ್ ಬಂದಾಗ ಸುಮ್ನೆ ಬಿಡಬೇಡಿ. ಯಾವ ನಿಯಮ ಅಂತ ಹೌಸಿಂಗ್ ವೆಬ್‌ಸೈಟಿನಲ್ಲಿ ಓದಿ.

ಹಾಸಿಗೆಯ ಅಳತೆಗೆ ಇಲ್ಲಿ ಟ್ವಿನ್ ಎಕ್ಸ್‌ಎಲ್ ಅನ್ನುತ್ತಾರೆ. ಸುಮಾರು 38 ಇಂಚು ಅಗಲ, 80 ಇಂಚು ಉದ್ದ. ಡಾರ್ಮಿನಲ್ಲಿ 36 ಇಂಚು ಅಗಲದ್ದೂ ಸಿಗುತ್ತದೆ. ಮಾಮೂಲಿ ಟ್ವಿನ್ 75 ಇಂಚು ಉದ್ದ, ಅದರ ಶೀಟು ಇದಕ್ಕೆ ಆಗುವುದಿಲ್ಲ. ಚೌಕಟ್ಟೂ ಸೇರಿದರೆ ಮಂಚ ಏಳಡಿ ಉದ್ದ, ಮೂರೂಕಾಲು ಅಡಿ ಅಗಲ ಅಂತ ಇಟ್ಟುಕೊಳ್ಳಿ. ಮುಂದಿನ ಲೆಕ್ಕಕ್ಕೆಲ್ಲ ಇದೇ ಆಧಾರ.

ತಗ್ಗು ಮಂಚ

ನೆಲದಿಂದ ಒಂದಡಿ ಆಸುಪಾಸಿನಲ್ಲಿ ಸ್ಪ್ರಿಂಗ್ ಇಟ್ಟರೆ ಮನೆಯ ಮಂಚದ ಹಾಗೇ ಇರುತ್ತದೆ. ಕೂರಬಹುದು, ಗೆಳೆಯರು ಬಂದರೆ ಅದೇ ಸೋಫಾ. ನಿದ್ದೆಗಣ್ಣಿನಲ್ಲಿ ಎದ್ದು ಬಾತ್‌ರೂಮಿಗೆ ಹೋಗುವಾಗ ಭಯವಿಲ್ಲ. ಕೈಕಾಲು ಉಳುಕಿದಾಗ, ಜ್ವರ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಅಡಿಯಲ್ಲಿ ಏನೂ ಹಿಡಿಸಲ್ಲ. ಚಪ್ಪಲಿ, ಚಪ್ಪಟೆ ಪ್ಲಾಸ್ಟಿಕ್ ಡಬ್ಬ, ಅಷ್ಟೇ. ರೂಮಿನ ಅತಿ ದೊಡ್ಡ ಸಾಮಾನು ಮಂಚ. ಇಪ್ಪತ್ತೆರಡು ಚದರಡಿ ನೆಲವನ್ನು ಅದೊಂದೇ ತಿಂದುಹಾಕಿ ಅಡಿಯ ಜಾಗವೂ ಸಿಗದಿದ್ದರೆ ಹಂಚಿಕೊಂಡ ರೂಮಿನಲ್ಲಿ ಕಷ್ಟವೇ.

ಒಬ್ಬರಿಗೇ ಒಂದು ರೂಮು ಸಿಕ್ಕಿದ್ದರೆ ತಗ್ಗು ಮಂಚವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೂರ್ಛೆರೋಗ ಇರುವವರು, ನಿದ್ದೆಯಲ್ಲಿ ನಡೆಯುವ ಅಭ್ಯಾಸ ಇರುವವರು, ತಲೆಸುತ್ತು ಬರುವವರು ಬೇರೆ ಯೋಚನೆಯನ್ನೇ ಮಾಡಬಾರದು. ಅಮೆರಿಕಕ್ಕೆ ಬರುವ ಮೊದಲೇ ಡಾಕ್ಟರ ಚೀಟಿ ಪಡೆದು ಯೂನಿವರ್ಸಿಟಿಯ ಡಿಸೆಬಿಲಿಟಿ ಆಫೀಸಿಗೆ ಬರೆದರೆ, ಮೂವರ ರೂಮಿನಲ್ಲೂ ಕೆಳಗಿನ ಮಂಚ ಕೇಳಿ ಪಡೆಯಬಹುದು. ಇದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇಲ್ಲಿ ಮುಚ್ಚಿಟ್ಟರೆ ನಷ್ಟ ನಿಮಗೇ.

ನಡು ಎತ್ತರ

ಸ್ಪ್ರಿಂಗಿನ ಅಡಿ 24ರಿಂದ 32 ಇಂಚು ಖಾಲಿ ಜಾಗ ಬಿಡುವುದನ್ನು ನಡು ಎತ್ತರ ಅನ್ನಬಹುದು. ಕೆಲವು ಕಡೆ ಜೂನಿಯರ್ ಲಾಫ್ಟ್ ಅಂತ ಹೆಸರು. ಮಂಚದ ಮಾಮೂಲಿ ಚೌಕಟ್ಟಿನಲ್ಲೇ ಆಗುತ್ತದೆ, ಬೇರೆ ಸಾಮಾನು ಬಾಡಿಗೆಗೆ ತರಬೇಕಿಲ್ಲ.

ಇನ್ನು ಸೂಟ್‌ಕೇಸಿನ ವಿಷಯ. ಇಲ್ಲಿನ ಮಕ್ಕಳು ಅಪ್ಪನ ಕಾರಿನಲ್ಲಿ ಸಾಮಾನು ತಂದು ಇಳಿಸಿ, ಖಾಲಿ ಡಬ್ಬಗಳನ್ನು ಅದೇ ಕಾರಿನಲ್ಲಿ ವಾಪಸ್ ಕಳಿಸುತ್ತಾರೆ. ನಮ್ಮ ಮಕ್ಕಳು 23 ಕೆಜಿಯ ಎರಡು ದೊಡ್ಡ ಸೂಟ್‌ಕೇಸು ತರುತ್ತಾರೆ. ಅವು ಖಾಲಿಯಾದ ಮೇಲೂ ವರ್ಷವಿಡೀ ರೂಮಿನಲ್ಲೇ ಇರಬೇಕು. ಏರ್‌ಲೈನ್ಸಿನವರು ಉದ್ದ, ಅಗಲ, ದಪ್ಪ ಮೂರೂ ಕೂಡಿ 62 ಇಂಚು ಅಂತ ಮಿತಿ ಇಟ್ಟಿರುವುದರಿಂದ ಈ ಪೆಟ್ಟಿಗೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆ. 30 ಇಂಚು ಉದ್ದ, 20 ಅಗಲ, 12 ದಪ್ಪ. ಮಲಗಿಸಿ ಒಂದರ ಮೇಲೊಂದು ಇಟ್ಟರೆ 24 ಇಂಚು ಬೇಕು. ಮನೆಯಲ್ಲಿ ಅಟ್ಟ ಮಾಡುವ ಕೆಲಸವನ್ನು ಇಲ್ಲಿ ಮಂಚದ ಅಡಿಯೇ ಮಾಡಬೇಕು. ಚಳಿಗಾಲದ ಜಾಕೆಟ್ಟು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಡಬ್ಬ, ಹಬ್ಬಕ್ಕೆ ಅಂತ ಕೊಟ್ಟ ಸೀರೆ ಅಥವಾ ಪಂಚೆ, ಎಲ್ಲ ಆ ಪೆಟ್ಟಿಗೆಯೊಳಗೇ ಇರಲಿ. ಬೇಕಾದಾಗ ಎಳೆದು ತೆಗೆಯಬಹುದು. ಸೂಟ್‌ಕೇಸಿಗೆ ಚಕ್ರ ಇರುವುದು ಆಗ ಉಪಯೋಗಕ್ಕೆ ಬರುತ್ತದೆ. ಒಂದು ಚಿಕ್ಕದು, ಒಂದು ದೊಡ್ಡದು ತಂದರೆ ಒಂದರೊಳಗೊಂದು ಹೋಗುತ್ತದೆ, ಜಾಗ ಅರ್ಧ ಉಳಿಯುತ್ತದೆ. ಇನ್ನೂ ಖರೀದಿ ಮಾಡಿಲ್ಲದಿದ್ದರೆ ಇದು ನೆನಪಿರಲಿ.

ಎರಡನೆಯದು ಡ್ರೆಸ್ಸರ್, ಅಂದರೆ ಡ್ರಾಯರುಗಳ ಬೀರು. ಡಾರ್ಮಿನಲ್ಲಿ ಕೊಡುವುದು ಅನೇಕ ಕಡೆ 30 ಇಂಚು ಎತ್ತರ. ಮಂಚದಡಿ 31 ಇಂಚು ಇದ್ದರೆ ಅದು ಒಳಗೆ ಹೋಗುತ್ತದೆ, 29 ಇದ್ದರೆ ಇಲ್ಲ. ಒಂದೇ ಒಂದು ಕಚ್ಚಿನ ವ್ಯತ್ಯಾಸ! ಡ್ರೆಸ್ಸರ್ ಒಳಗೆ ಹೋದರೆ ಗೋಡೆಯ ಪಕ್ಕ ಮೂರಡಿ ಜಾಗ ಬಿಡುಗಡೆಯಾಗುತ್ತದೆ. ಅಳೆಯುವಾಗ ಒಂದು ಸೂಕ್ಷ್ಮ ಇದೆ. ಸ್ಪ್ರಿಂಗಿನ ಅಡಿಗೆ ಟೇಪು ಹಿಡಿಯಬೇಡಿ. ಪಕ್ಕದ ಉದ್ದನೆಯ ಕಂಬಿ ಸ್ಪ್ರಿಂಗಿಗಿಂತ ಒಂದೆರಡು ಇಂಚು ಕೆಳಗೆ ಜೋತಿರುತ್ತದೆ. ಸಾಮಾನು ಒಳಗೆ ಹೋಗಬೇಕಾದ್ದು ಅದರ ಅಡಿಯಿಂದಲೇ. ನೆಲದಿಂದ ಆ ಕಂಬಿಯ ಕೆಳಅಂಚಿಗೆ ಎಷ್ಟು ಅಂತ ನೋಡಿ.

ಫ್ರಿಜ್ಜನ್ನು ಮಂಚದಡಿ ಇಡುವ ಆಸೆ ಬಿಡಿ. ಎರಡು ಬಾಗಿಲಿನ ಮಿನಿ ಫ್ರಿಜ್ ಸುಮಾರು 33 ಇಂಚು ಎತ್ತರ ಇರುತ್ತದೆ. 1.7 ಕ್ಯೂಬಿಕ್ ಅಡಿಯ ಡಬ್ಬದಂಥದ್ದು 20 ಇಂಚಿನ ಆಸುಪಾಸು, ಅದು ಹಿಡಿಸುತ್ತದೆ ನಿಜ. ಆದರೆ ಹಿಂದೆ ಗಾಳಿಯಾಡಲು ಜಾಗ ಬೇಕು, ಮೇಲೆ ಹಾಸಿಗೆ, ಪಕ್ಕದಲ್ಲಿ ಹೊದಿಕೆ ಇಳಿಬಿದ್ದಿರುತ್ತದೆ. ಬೇಡ.

ನಡು ಎತ್ತರದ ತೊಂದರೆ ಏನೆಂದರೆ, ಇದು ಕೂರಲೂ ಸರಿಯಿಲ್ಲ, ಏಣಿಯೂ ಇಲ್ಲ. ಮಂಚದಡಿ 31 ಇಂಚು, ಚೌಕಟ್ಟು ಮೂರು, ಹಾಸಿಗೆ ಏಳು. ಹಾಸಿಗೆಯ ಮೇಲ್ಮೈ 41 ಇಂಚಿಗೆ ಬರುತ್ತದೆ. ಐದಡಿ ಎರಡಂಗುಲದ ಹುಡುಗಿಗೆ ಅದು ಸೊಂಟಕ್ಕಿಂತ ಮೇಲೆ. ಕುರ್ಚಿ ಹತ್ತಿ ಏರುವವರೇ ಜಾಸ್ತಿ, ಡಾರ್ಮಿನ ಕುರ್ಚಿ ಹಲವು ಕಡೆ ಹಿಂದಕ್ಕೆ ವಾಲುವಂಥದ್ದು, ಅದರ ಮೇಲೆ ನಿಂತರೆ ಬಿದ್ದಂತೆಯೇ. ಎರಡು ಮೆಟ್ಟಿಲಿನ ಗಟ್ಟಿ ಸ್ಟೂಲು ಒಂದು ತೆಗೆದುಕೊಳ್ಳಿ. ಕುಳ್ಳಗಿರುವವರು 24, 25 ಇಂಚಿಗೇ ನಿಲ್ಲಿಸಲಿ. ಸೂಟ್‌ಕೇಸು ಹಿಡಿಸುತ್ತದೆ, ಡ್ರೆಸ್ಸರ್ ಹೊರಗಿರುತ್ತದೆ, ಹತ್ತಿ ಇಳಿಯುವುದು ಸಲೀಸು. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಬುದ್ಧಿವಂತ ಎತ್ತರ.

ಪೂರ್ತಿ ಲಾಫ್ಟ್

ಫೋಟೋದಲ್ಲಿ ಚೆಂದ ಕಾಣುವುದು ಇದೇ. ಮಂಚದಡಿ ಐದಡಿಯಷ್ಟು ಜಾಗ, ಅಲ್ಲಿ ಮೇಜು, ಕುರ್ಚಿ, ಟೇಬಲ್ ಲ್ಯಾಂಪು. ಒಂದು ಚಿಕ್ಕ ಓದುವ ಕೋಣೆಯೇ ಸಿಕ್ಕಂತೆ. ಸಣ್ಣ ರೂಮಿಗೆ ಇದರಷ್ಟು ನೆಲ ಉಳಿಸಿಕೊಡುವುದು ಇನ್ನೊಂದಿಲ್ಲ. ಅದನ್ನು ಒಪ್ಪುತ್ತೇನೆ.

ಈಗ ಲೆಕ್ಕ ಹಾಕೋಣ. ಸೂರು 8 ಅಡಿ, ಅಂದರೆ 96 ಇಂಚು. ಅಡಿಯಲ್ಲಿ 62 ಇಂಚು ಬಿಟ್ಟು ಚೌಕಟ್ಟಿಗೆ 3, ಹಾಸಿಗೆಗೆ 7 ಸೇರಿಸಿದರೆ 72. ಮೇಲೆ ಉಳಿದದ್ದು 24 ಇಂಚು. ಐದೂವರೆ ಅಡಿಯ ಹುಡುಗ ಚಕ್ಕಳಮಕ್ಕಳ ಹಾಕಿ ಕೂತರೆ ಕೂತ ಜಾಗದಿಂದ ನೆತ್ತಿಗೆ ಸುಮಾರು 34 ಇಂಚು. ಅಂದರೆ ಆ ಮಂಚದ ಮೇಲೆ ಅವನು ಎದ್ದು ಕೂರುವ ಹಾಗಿಲ್ಲ. ಬೆಳಗ್ಗೆ ಅಲಾರಂ ಹೊಡೆದಾಗ ಗಾಬರಿಯಿಂದ ಎದ್ದರೆ ತಲೆ ಸೂರಿಗೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಅಮ್ಮನಿಗೆ ವಿಡಿಯೋ ಕಾಲ್ ಮಾಡಬೇಕಾದರೂ ಮಲಗಿಕೊಂಡೇ. ಕೆಳಗೂ ಅಷ್ಟೇ, 62 ಇಂಚು ಅಂದರೆ ಐದಡಿ ಎರಡು ಇಂಚು. ಕುರ್ಚಿಯಿಂದ ಎದ್ದಾಗಲೆಲ್ಲ ಕಬ್ಬಿಣದ ಕಂಬಿಗೆ ತಲೆ ಬಡಿಯುತ್ತದೆ. ಹಳೆ ಕಟ್ಟಡಗಳಲ್ಲಿ ಸೂರು 9, 10 ಅಡಿ ಇರುವುದುಂಟು, ಅಲ್ಲಿ ಲಾಫ್ಟ್ ನಿಜಕ್ಕೂ ಚೆನ್ನಾಗಿರುತ್ತದೆ. ಸೂರಿನ ಎತ್ತರ ಗೊತ್ತಿಲ್ಲದೆ ಲಾಫ್ಟ್‌ಗೆ ಟಿಕ್ ಮಾಡಬೇಡಿ. ಹೌಸಿಂಗ್ ಆಫೀಸಿಗೆ ಒಂದು ಇಮೇಲ್ ಹಾಕಿದರೆ ಹೇಳುತ್ತಾರೆ.

ಸೂರಿನಲ್ಲಿ ಅಥವಾ ಗೋಡೆಯ ಮೇಲ್ಭಾಗದಲ್ಲಿ ಬೆಂಕಿ ಆರಿಸುವ ನೀರಿನ ಸ್ಪ್ರಿಂಕ್ಲರ್ ಇರುತ್ತದೆ. ಅದರ ಕೆಳಗೆ 18 ಇಂಚು ಯಾವ ಸಾಮಾನೂ ಇಲ್ಲದೆ ಖಾಲಿ ಇರಬೇಕು ಅನ್ನುವುದು ಇಲ್ಲಿನ ಬೆಂಕಿ ಸುರಕ್ಷತೆಯ ನಿಯಮ. ಲಾಫ್ಟ್ ಮೇಲೆ ಮಲಗಿದವನಿಗೆ ಅದು ಕೈಗೆಟುಕುತ್ತದೆ. ಒದ್ದೆ ಟವಲ್ಲಿನ ಹ್ಯಾಂಗರ್ ತಗುಲಿಹಾಕಿ ಅದು ಒಡೆದರೆ ರೂಮು ಮಾತ್ರ ಅಲ್ಲ, ಕೆಳಗಿನ ಅಂತಸ್ತೂ ನೀರು. ಬಿಲ್ಲು ಯಾರ ಹೆಸರಿಗೆ ಬರುತ್ತದೆ ಅಂತ ಹೇಳಬೇಕಿಲ್ಲ.

ಬಿಸಿ ಗಾಳಿ ಮೇಲೇರುತ್ತದೆ. ಹಳೆ ಡಾರ್ಮುಗಳಲ್ಲಿ ಎಸಿ ಇಲ್ಲದ್ದು ಬೇಕಾದಷ್ಟಿವೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಸೂರಿಗೆ ಅಂಟಿಕೊಂಡು ಮಲಗುವುದು ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಚಳಿಗಾಲದಲ್ಲಿ ಹೀಟರ್ ಹಾಕಿದಾಗಲೂ ಮೇಲಿನವನಿಗೆ ಸೆಕೆ, ಕೆಳಗಿನವನಿಗೆ ಚಳಿ.

ಇನ್ನು ಶೀಟು ಬದಲಿಸುವ ಕಥೆ. ಎರಡು ಕಡೆ ಗೋಡೆ, ಒಂದು ಕಡೆ ತಡೆಕಂಬಿ. ಹಾಸಿಗೆಯ ಮೇಲೆ ಮಂಡಿಯೂರಿ, ತಾನೇ ಕೂತಿರುವ ಹಾಸಿಗೆಯ ಮೂಲೆ ಎತ್ತಿ ಶೀಟು ಸಿಕ್ಕಿಸಬೇಕು. ಒಂದು ಸಲ ಮಾಡಿದವರು ಆಮೇಲೆ ತಿಂಗಳುಗಟ್ಟಲೆ ಶೀಟು ಬದಲಿಸುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ.

ಬೀಳುವ ಭಯವನ್ನು ಮಕ್ಕಳು ನಗೆಯಾಡುತ್ತಾರೆ. ನಾನೇನು ಮಗುವಾ ಅಂತ ಕೇಳುತ್ತಾರೆ. 1990ರಿಂದ 2005ರವರೆಗಿನ ಅಮೆರಿಕದ ಆಸ್ಪತ್ರೆಗಳ ಲೆಕ್ಕವನ್ನು ಒಹಾಯೋದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದರು. 21 ವರ್ಷದವರೆಗಿನವರಲ್ಲಿ ಬಂಕ್ ಮಂಚದಿಂದ, ಅಂದರೆ ಒಂದರ ಮೇಲೊಂದು ಇರುವ ಮಂಚದಿಂದ, ಆದ ಗಾಯಗಳು ವರ್ಷಕ್ಕೆ ಸುಮಾರು 36,000. ಚಿಕ್ಕ ಮಕ್ಕಳೇ ಜಾಸ್ತಿ ಇರುತ್ತಾರೆ, ಅದು ಸಹಜ. ವಯಸ್ಸು ಏರುತ್ತ ಹೋದಂತೆ ಗಾಯ ಕಡಿಮೆಯಾಗಬೇಕಲ್ವಾ? 18ರಿಂದ 21ರ ನಡುವೆ ಮತ್ತೆ ಏರಿತ್ತು. 14ರಿಂದ 17ರವರ ಎರಡರಷ್ಟು. ಕಾಲೇಜು ಡಾರ್ಮು, ಸೈನ್ಯದ ಬ್ಯಾರಕ್ಕುಗಳಲ್ಲಿ ಇಂಥ ಮಂಚ ಇರುವುದೇ ಕಾರಣ ಇರಬಹುದು ಅಂತ ಅವರ ಊಹೆ. ಓದಿ ಓದಿ ನಿದ್ದೆಗೆಟ್ಟವರು, ಪಾರ್ಟಿ ಮುಗಿಸಿ ಬಂದವರು, ಜೆಟ್‌ಲ್ಯಾಗ್‌ನಲ್ಲಿ ರಾತ್ರಿ ಮೂರಕ್ಕೆ ಎಚ್ಚರವಾಗಿ ಎಲ್ಲಿದ್ದೇನೆ ಅಂತಲೇ ತಿಳಿಯದವರು. ನಮ್ಮ ಮಕ್ಕಳ ಮೊದಲ ವಾರ ಈ ಕೊನೆಯ ಗುಂಪಿನಲ್ಲೇ ಕಳೆಯುತ್ತದೆ.

2015ರಲ್ಲಿ ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿಯೊಬ್ಬ ನಿದ್ದೆಯಲ್ಲಿ ಲಾಫ್ಟ್ ಮಂಚದಿಂದ ಬಿದ್ದ. ತಲೆಬುರುಡೆ ಬಿರಿದು, ಆಮೇಲೆ ಪಾರ್ಶ್ವವಾಯು ಆಯಿತು. ಡಾರ್ಮ್ ಮಂಚಗಳಿಗೆ ತಡೆಕಂಬಿ ಬೇಕೆಂದು ಅವನ ತಾಯಿ ಹಟ ಹಿಡಿದು ಓಡಾಡಿದ ಮೇಲೆ ಆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು ಕಂಬಿ ಕೊಡಲು ಶುರುಮಾಡಿದವು. ಮನೆಗಳಿಗೆ ಮಾರುವ ಬಂಕ್ ಮಂಚಕ್ಕೆ ಇಲ್ಲಿ ಕೇಂದ್ರ ಸರ್ಕಾರದ ನಿಯಮ ಇದೆ. ಮಂಚದ ಅಡಿಭಾಗ ನೆಲದಿಂದ 30 ಇಂಚಿಗಿಂತ ಮೇಲಿದ್ದರೆ ಎರಡೂ ಬದಿ ಕಂಬಿ ಕಡ್ಡಾಯ, ಅದು ಹಾಸಿಗೆಗಿಂತ ಕನಿಷ್ಠ 5 ಇಂಚು ಮೇಲೆ ಬರಬೇಕು. ಸಂಸ್ಥೆಗಳಿಗೆಂದೇ ತಯಾರಿಸಿದ ಮಂಚಗಳಿಗೆ ಮಾತ್ರ ಈ ನಿಯಮ ಅನ್ವಯಿಸಲ್ಲ. ಅಂದರೆ ಡಾರ್ಮಿನಲ್ಲಿ ಕಂಬಿ ಕೇಳಿದರೆ ಮಾತ್ರ ಸಿಗುವುದೂ ಉಂಟು. ಕೇಳಿ. ದುಡ್ಡು ಕೊಡಬೇಕಾದರೂ ಕೊಡಿ.

ಕಂಬಿ ಹಾಕಿಸಿದ ಮೇಲೂ ಅನೇಕರು ಒಂದು ಎಡವಟ್ಟು ಮಾಡುತ್ತಾರೆ. ಡಾರ್ಮಿನ ಹಾಸಿಗೆ ಗಟ್ಟಿ ಅಂತ ಮೂರು ನಾಲ್ಕು ಇಂಚಿನ ಫೋಮ್ ಟಾಪರ್ ತಂದು ಹಾಸುತ್ತಾರೆ. ಐದು ಇಂಚು ಮೇಲಿದ್ದ ಕಂಬಿ ಈಗ ಒಂದೆರಡು ಇಂಚು ಮೇಲಿರುತ್ತದೆ. ಹೊರಳಿದರೆ ತಡೆಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಲಾಫ್ಟ್ ಬೇಕೋ, ದಪ್ಪ ಟಾಪರ್ ಬೇಕೋ, ಒಂದನ್ನು ಆರಿಸಿ.

ಮರದ ದಿಮ್ಮಿ, ಕಾಂಕ್ರೀಟ್ ಬ್ಲಾಕ್ ತಂದು ಸ್ವಂತ ಲಾಫ್ಟ್ ಕಟ್ಟುವುದನ್ನು ಬಹಳ ಕಡೆ ಬಿಡುವುದಿಲ್ಲ. ಯೂನಿವರ್ಸಿಟಿಯೋ ಅವರು ಗೊತ್ತುಮಾಡಿದ ಕಂಪನಿಯೋ ಬಾಡಿಗೆಗೆ ಕೊಡುವ ಕಿಟ್ ಮಾತ್ರ. ಮಂಚದ ಕಾಲಿನ ಕೆಳಗೆ ಇಟ್ಟು ಎತ್ತರಿಸುವ ಪ್ಲಾಸ್ಟಿಕ್ ಬೆಡ್ ರೈಸರ್ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ.

ಬಂಕ್ ಬಗ್ಗೆ ಎರಡೇ ಮಾತು. ಮೂವರನ್ನು ಇಬ್ಬರ ರೂಮಿಗೆ ತುರುಕಿದ್ದರೆ ಬೇರೆ ದಾರಿಯಿಲ್ಲ, ಹಾಕಿಸಿ. ಇಬ್ಬರೇ ಇದ್ದರೆ ಬೇಡ. ಒಬ್ಬ ಹೊರಳಿದರೆ ಇನ್ನೊಬ್ಬನಿಗೆ ಎಚ್ಚರ, ಕೆಳಗಿನವನಿಗೆ ಕತ್ತಲೆ, ಮೇಲಿನವನಿಗೆ ಏಣಿ.

ಮಂಚ ಎಲ್ಲಿ ಹಾಕಬೇಕು

12 ಅಡಿ ಅಗಲ, 15 ಅಡಿ ಉದ್ದದ ಒಂದು ಡಬಲ್ ರೂಮು ಅಂತ ಇಟ್ಟುಕೊಳ್ಳಿ. ಒಂದು ತುದಿಗೆ ಬಾಗಿಲು, ಅದರ ಪಕ್ಕ ಬಟ್ಟೆಯ ಕ್ಲಾಸೆಟ್ಟು. ಎದುರು ತುದಿಗೆ ಕಿಟಕಿ, ಕಿಟಕಿಯ ಕೆಳಗೆ ಹೀಟರ್. ಬಹಳಷ್ಟು ಡಾರ್ಮುಗಳ ನಕ್ಷೆ ಇದೇ.

ಎಲ್ಲಕ್ಕಿಂತ ಸರಳ ಅಂದರೆ ಎರಡು ಉದ್ದ ಗೋಡೆಗೆ ಒಂದೊಂದು ಮಂಚ. ಎರಡು ಮಂಚಕ್ಕೆ ಆರೂವರೆ ಅಡಿ ಹೋದರೆ ನಡುವೆ ಐದೂವರೆ ಅಡಿ ಓಡಾಡುವ ಜಾಗ ಉಳಿಯುತ್ತದೆ. ಉದ್ದಕ್ಕೆ ನೋಡಿದರೆ ಕ್ಲಾಸೆಟ್ಟಿಗೆ ಎರಡೂವರೆ, ಮಂಚಕ್ಕೆ ಏಳು, ಮೇಜಿಗೆ ಮೂರೂವರೆ. ಎಲ್ಲ ಸೇರಿ 13 ಅಡಿ. ಕಿಟಕಿಯ ಹತ್ತಿರ ಮೇಜು, ಬಾಗಿಲ ಕಡೆಗೆ ಮಂಚ ಅಥವಾ ಅದರ ತಿರುವು. ರೂಮು ಇಬ್ಬರಿಗೂ ಸಮನಾಗಿ ಭಾಗವಾಗುತ್ತದೆ. ನನ್ನದು ನಿನ್ನದು ಅಂತ ಜಗಳ ಬರುವುದು ಕಡಿಮೆ. ಎರಡೂ ಮಂಚ ನಡು ಎತ್ತರಕ್ಕೆ ಇದ್ದರೆ ಡ್ರೆಸ್ಸರುಗಳು ಒಳಗೆ ಸೇರಿ ರೂಮು ದೊಡ್ಡದಾಗಿ ಕಾಣುತ್ತದೆ. ಗೊತ್ತಿಲ್ಲದ ರೂಮ್‌ಮೇಟ್ ಆಗಿದ್ದರೆ ಮೊದಲು ಹೀಗೇ ಹಾಕಿ. ಒಂದು ತಿಂಗಳಾದ ಮೇಲೆ ಬೇಕಾದರೆ ಬದಲಿಸಿಕೊಳ್ಳಿ.

ಒಂದು ಮಂಚ ಉದ್ದ ಗೋಡೆಗೆ, ಇನ್ನೊಂದು ಕಿಟಕಿಯ ಕೆಳಗೆ ಅಡ್ಡಕ್ಕೆ ಹಾಕಿದರೆ ನಡುವೆ ಚೌಕಾಕಾರದ ದೊಡ್ಡ ಜಾಗ ಸಿಗುತ್ತದೆ. ಗೆಳೆಯರ ಗುಂಪು ಜಾಸ್ತಿ ಇರುವವರಿಗೆ ಇಷ್ಟವಾಗುತ್ತದೆ. ಕಿಟಕಿಯ ಕಡೆಯವರ ಪಾಡು ಮಾತ್ರ ಬೇರೆ. ಮಿಷಿಗನ್, ಮಿನೆಸೊಟಾ, ಬಫಲೋ ಕಡೆಯ ಜನವರಿಯಲ್ಲಿ ಕಿಟಕಿಯ ಗಾಜು ಮಂಜುಗಡ್ಡೆಯಂತೆ ಕೊರೆಯುತ್ತದೆ, ಕೆಳಗಿನ ಹೀಟರ್ ಸುಡುತ್ತದೆ. ಹಾಸಿಗೆ, ಹೊದಿಕೆ ಹೀಟರಿಗೆ ತಗುಲುವ ಹಾಗಿಲ್ಲ. ಎತ್ತರಿಸಿದ ಮಂಚವನ್ನು ಕಿಟಕಿಗೆ ಒತ್ತಿ ಹಾಕಲು ಕೆಲವು ಕಡೆ ಒಪ್ಪುವುದಿಲ್ಲ, ಅದು ಸರಿಯೇ. ಅರಿಜೋನಾ, ಟೆಕ್ಸಾಸ್ ಕಡೆ ಚಳಿಯ ಬದಲು ಬೆಳಗಿನ ಬಿಸಿಲು.

ಒಬ್ಬರು ಲಾಫ್ಟ್, ಒಬ್ಬರು ತಗ್ಗು ಅನ್ನುವ ಏರ್ಪಾಡೂ ಇದೆ. ಲಾಫ್ಟಿನ ಅಡಿ ಎರಡು ಮೇಜೋ ಸೋಫಾನೋ ಇಡುತ್ತಾರೆ. ಕಾಗದದ ಮೇಲೆ ಚೆನ್ನಾಗಿದೆ. ಒಂದು ತಿಂಗಳಿಗೆ ತಗ್ಗು ಮಂಚ ಎಲ್ಲರ ಸೋಫಾ ಆಗಿರುತ್ತದೆ. ಮಲಗುವ ಹೊತ್ತಿಗೆ ಯಾರೋ ಅದರ ಮೇಲೆ ಕೂತು ಚಿಪ್ಸ್ ತಿನ್ನುತ್ತಿರುತ್ತಾರೆ. ಏಳಿ ಅನ್ನಲು ಸಂಕೋಚಪಡುವ ಮಕ್ಕಳು ನಮ್ಮವರೇ. ಅಂಥ ಸ್ವಭಾವದವರಾದರೆ ಈ ಏರ್ಪಾಡು ಬೇಡ.

ಬೀರು ಅಡ್ಡ ಇಟ್ಟು ರೂಮನ್ನು ಎರಡು ಭಾಗ ಮಾಡಿಕೊಳ್ಳುವವರಿದ್ದಾರೆ. ಬಾಗಿಲಿಗೆ ಹೋಗುವ ದಾರಿಗೆ ಅಡ್ಡ ಬಂದರೆ ಫೈರ್ ಇನ್‌ಸ್ಪೆಕ್ಷನ್‌ನಲ್ಲಿ ತೆಗೆಸುತ್ತಾರೆ.

ಏನೇ ಹಾಕುವ ಮೊದಲು ಪ್ಲಗ್ ಪಾಯಿಂಟು ಎಲ್ಲಿದೆ ನೋಡಿ. ಮಾಮೂಲಿ ಎಕ್ಸ್‌ಟೆನ್ಷನ್ ಕಾರ್ಡ್ ಬಹಳ ಕಡೆ ನಿಷೇಧ. ಸರ್ಜ್ ಪ್ರೊಟೆಕ್ಟರ್ ಇರುವ ಪವರ್ ಸ್ಟ್ರಿಪ್ ಮಾತ್ರ, ಅದನ್ನೂ ಒಂದಕ್ಕೊಂದು ಸಿಕ್ಕಿಸುವಂತಿಲ್ಲ. ಊರಿನಿಂದ ತಂದ ಸ್ಪೈಕ್ ಬಸ್ಟರ್ 230 ವೋಲ್ಟಿಗೆ ಮಾಡಿದ್ದು, ಇಲ್ಲಿನದು 120. ಅದನ್ನು ತರಲೇಬೇಡಿ. ಮೇಜು ಪ್ಲಗ್ಗಿನ ಹತ್ತಿರ ಬರಬೇಕು, ಮಂಚ ಬರಬೇಕೆಂದಿಲ್ಲ. ಫೋನಿಗೆ ಉದ್ದದ ಚಾರ್ಜಿಂಗ್ ಕೇಬಲ್ ಸಾಕು.

ಉತ್ತರಕ್ಕೆ ತಲೆ

ಈ ಪ್ರಶ್ನೆ ಬಂದೇ ಬರುತ್ತದೆ. ಮಂಚ ಹಾಕಿ ಮುಗಿಸಿ ವಿಡಿಯೋ ಕಾಲ್ ಮಾಡಿದರೆ ಅಜ್ಜಿ ಮೊದಲು ಕೇಳುವುದು, ತಲೆ ಯಾವ ದಿಕ್ಕಿಗೆ ಬರುತ್ತದೆ ಪುಟ್ಟಾ ಅಂತ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದಕ್ಕಾಗಿ ಮಂಚ ತಿರುಗಿಸಬೇಕಿಲ್ಲ ಅಂತಷ್ಟೇ ಹೇಳುತ್ತೇನೆ. ದಿಂಬನ್ನು ಈ ತುದಿಯಿಂದ ಆ ತುದಿಗೆ ಹಾಕಿದರೆ ಆಯಿತು. ತಗ್ಗು, ನಡು ಎತ್ತರದ ಮಂಚದಲ್ಲಿ ಯಾವ ತೊಂದರೆಯೂ ಇಲ್ಲ. ಲಾಫ್ಟಿನಲ್ಲಿ ಏಣಿ ಕಾಲ ಕಡೆಗೆ ಇರುವುದು ವಾಡಿಕೆ. ದಿಂಬು ತಿರುಗಿಸಿದರೆ ಏಣಿ ತಲೆಯ ಹತ್ತಿರ ಬರುತ್ತದೆ, ಕಂಬಿ ಮಂಚದ ಪೂರ್ತಿ ಉದ್ದಕ್ಕೆ ಇಲ್ಲದಿದ್ದರೆ ತಲೆಯ ಪಕ್ಕ ಬಯಲು. ಹಾಗೆ ಮಾಡುವುದಾದರೆ ಏಣಿ, ಕಂಬಿ ಎರಡನ್ನೂ ಬದಲಿಸಿ ಹಾಕಿಸಿ.

ದೇವರ ಫೋಟೋ ಎಲ್ಲಿಡಬೇಕು ಅನ್ನುವುದೂ ಮಂಚದ ಎತ್ತರಕ್ಕೆ ಸೇರಿದ ವಿಷಯವೇ. ಲಾಫ್ಟಿನ ಅಡಿಯ ಮೇಜಿನ ಮೇಲಿಟ್ಟರೆ ಅದರ ಮೇಲೆ ಕಾಲು ಚಾಚಿ ಮಲಗಿದಂತೆ ಆಗುತ್ತದೆ ಅಂತ ಮನೆಯವರಿಗೆ ಕಸಿವಿಸಿ. ನಡು ಎತ್ತರದ ಮಂಚವಾದರೆ ಮೇಜು ಹೊರಗೇ ಇರುತ್ತದೆ, ಅದರ ಮೇಲಿನ ಶೆಲ್ಫಿನಲ್ಲಿ ಇಡಬಹುದು. ದೀಪ, ಊದುಬತ್ತಿ, ಕರ್ಪೂರ ಯಾವುದೂ ಹಚ್ಚುವಂತಿಲ್ಲ. ಸ್ಮೋಕ್ ಅಲಾರಂ ಕೂಗಿದರೆ ರಾತ್ರಿ ಹನ್ನೆರಡಕ್ಕೆ ಇಡೀ ಕಟ್ಟಡ ರಸ್ತೆಗೆ ಬಂದು ನಿಲ್ಲಬೇಕು. ಬ್ಯಾಟರಿಯ ದೀಪ ಇಟ್ಟು ಕೈಮುಗಿಯಲಿ, ಸಾಕು.

ರೂಮ್‌ಮೇಟ್ ಬರುವ ಮೊದಲೇ ತಲುಪಿದರೆ

ವಿದೇಶಿ ವಿದ್ಯಾರ್ಥಿಗಳಿಗೆ ಓರಿಯಂಟೇಷನ್ ಮೊದಲು ಇಡುವುದರಿಂದ ಅನೇಕ ಕಡೆ ನಮ್ಮ ಮಕ್ಕಳೇ ರೂಮಿಗೆ ಮೊದಲು ಕಾಲಿಡುತ್ತಾರೆ. ಒಳ್ಳೆಯ ಮೂಲೆ ಹಿಡಿದುಕೋ ಅಂತ ಊರಿನಿಂದ ಫೋನ್ ಬರುತ್ತದೆ. ಅದು ಬೇಡ. ಒಂದು ಬದಿಯಲ್ಲಿ ಮಲಗಿ, ಮಂಚ ಇರುವ ಎತ್ತರಕ್ಕೇ ಬಿಟ್ಟು, ರೂಮಿನ ಎರಡು ಫೋಟೋ ತೆಗೆದು ರೂಮ್‌ಮೇಟ್‌ಗೆ ಕಳಿಸಿ. ನಿನಗೆ ಯಾವ ಕಡೆ ಬೇಕು ಅಂತ ಕೇಳಿ. ಎಷ್ಟಕ್ಕೆ ಮಲಗುತ್ತೀಯ, ಎಷ್ಟಕ್ಕೆ ಏಳುತ್ತೀಯ ಅಂತಲೂ ಕೇಳಿ. ಬೆಳಗ್ಗೆ ಆರಕ್ಕೆ ಏಳುವವರ ಮೇಜು ರಾತ್ರಿ ಎರಡಕ್ಕೆ ಮಲಗುವವರ ತಲೆಯ ಹತ್ತಿರ ಇರಬಾರದು. ಮೊದಲ ವಾರಗಳಲ್ಲಿ ಆ ಅಂತಸ್ತಿನ ಆರ್‌ಎ, ಅಂದರೆ ಉಸ್ತುವಾರಿ ನೋಡುವ ಸೀನಿಯರ್ ವಿದ್ಯಾರ್ಥಿ, ರೂಮ್‌ಮೇಟ್ ಅಗ್ರಿಮೆಂಟ್ ಅಂತ ಒಂದು ಹಾಳೆ ತುಂಬಿಸುತ್ತಾರೆ. ಅದರಲ್ಲಿ ಲೈಟು, ಗೆಳೆಯರು, ನಿದ್ದೆ ಎಲ್ಲದಕ್ಕೂ ಕಾಲಂ ಇರುತ್ತದೆ. ಯಾವುದಾದರೂ ಸರಿ ಅಂತ ಬರೆದು ಬರಬೇಡಿ. ಮುಂದೆ ತಕರಾರು ಬಂದರೆ ಆರ್‌ಎ ಮೊದಲು ತೆಗೆದು ನೋಡುವುದು ಆ ಹಾಳೆಯನ್ನೇ.

ಮಂಚ ಬಿಚ್ಚಿದರೆ ಉಳಿದ ಕಂಬಿ, ಪಿನ್ನು, ಏಣಿಯ ಕೊಕ್ಕೆ ಏನನ್ನೂ ಎಸೆಯಬೇಡಿ. ಒಂದು ಚೀಲಕ್ಕೆ ಹಾಕಿ ಸೂಟ್‌ಕೇಸಿನಲ್ಲಿಡಿ. ರೂಮಿಗೆ ಬಂದ ದಿನವೇ ರೂಮ್ ಕಂಡಿಷನ್ ರಿಪೋರ್ಟ್ ತುಂಬುವಾಗ ಮಂಚ ಯಾವ ಕಚ್ಚಿನಲ್ಲಿತ್ತು ಅಂತ ಫೋಟೋ ಸಮೇತ ಬರೆದಿಡಿ. ಮೇ ತಿಂಗಳಲ್ಲಿ ಖಾಲಿ ಮಾಡುವಾಗ ಅದೇ ಎತ್ತರಕ್ಕೆ ಇಳಿಸಿ ಕೊಡಬೇಕು ಅನ್ನುವ ನಿಯಮ ಹಲವು ಕಡೆ ಇದೆ, ಇಲ್ಲದಿದ್ದರೆ ದಂಡ ಹಾಕುತ್ತಾರೆ. ಆ ವಾರ ಎಲ್ಲರಿಗೂ ಪರೀಕ್ಷೆ, ರೂಮ್‌ಮೇಟ್ ಮೊದಲೇ ಹೊರಟುಹೋಗಿರುತ್ತಾನೆ. ಮಂಚದ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕು ಅಂತ ಎರಡು ದಿನ ಮುಂಚೆಯೇ ಹೇಳಿಟ್ಟುಕೊಳ್ಳಿ.